ಲೆಕ್ಕಕ್ಕೆ ಸಿಗದ ಹನ್ನೆರಡು ಗಿಡ

"ರೀ ರೀ ರೀ...! ಗಾಡಿ ತೆಗೀರಿ! ಸಸಿ ಮೇಲೆ ಸ್ಟ್ಯಾಂಡ್ ಹಾಕ್ತಾ ಇದೀರಲ್ರೀ!"

ವನಿತಾ ಬೆಚ್ಚಿಬಿದ್ದಳು. ಸ್ಕೂಟರ್ ವಾಲಿತು. ಹೇಗೋ ಹಿಡಿದುಕೊಂಡು ಕೆಳಗೆ ನೋಡಿದರೆ ಚೆಂಡುಹೂವಿನ ಸಸಿಗಳ ಟ್ರೇ. ಅದರಲ್ಲಿ ಮೂರು ಸಸಿ ಅಪ್ಪಚ್ಚಿಯಾಗಿದ್ದವು.

ಕೂಗಿದವನು ಓಡಿ ಬಂದ. ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕೈ ತುಂಬ ಕೆಂಪು ಮಣ್ಣು. ಅವಳ ಮುಖವನ್ನೂ ನೋಡದೆ ಮಂಡಿಯೂರಿ ಕುಳಿತು ಮುರಿದ ಸಸಿಗಳನ್ನು ಎತ್ತಿ ನೋಡಿದ.

"ಸಾರಿ... ನೋಡ್ಲಿಲ್ಲ. ಎಷ್ಟಾಗುತ್ತೆ ಹೇಳಿ, ಕೊಟ್ಬಿಡ್ತೀನಿ."

"ದುಡ್ಡು ಕೊಟ್ರೆ ಇದು ಎದ್ದು ನಿಲ್ಲುತ್ತಾ?"

ಅಬ್ಬಾ, ಏನು ಸಿಡುಕು! ಮೂರು ಸಸಿಗೆ ಇಷ್ಟೊಂದಾ?

"ಗೋಪಾಲಮ್ಮನವರ ನರ್ಸರಿ ಇದೇ ಅಲ್ವಾ? ಕೊಡಿಗೇಹಳ್ಳಿ ವಹಾಬ್ ಸರ್ ಆಫೀಸಿಂದ ಬಂದಿದೀನಿ. ಲೆಕ್ಕ ಬರೆಯೋಕೆ."

ಅವನು ಎದ್ದು ಕೈ ಕೊಡವಿಕೊಂಡ. "ನಾನು ಅನಂತರಾಜು. ಗೋಪಾಲಮ್ಮನ ಮಗ. ಒಳ್ಳೆ ಲೆಕ್ಕದವ್ರನ್ನ ಕಳಿಸಿದಾರೆ ಬಿಡಿ, ಬಂದ ತಕ್ಷಣ ನಷ್ಟ!"

ವನಿತಾಳ ಕೆನ್ನೆ ಬಿಸಿಯಾಯಿತು. ಬ್ಯಾಗಿನಿಂದ ಹೊಸ ಪುಸ್ತಕ ತೆಗೆದು ನಿಂತಲ್ಲೇ ಬರೆದು, ಅವನಿಗೆ ಕೇಳುವಂತೆ ಓದಿದಳು. "ಚೆಂಡುಹೂ ಸಸಿ, ಮೂರು. ನಷ್ಟ. ಕಾರಣ, ಲೆಕ್ಕದವಳ ಗಾಡಿ. ಸರಿ ಇದೆಯಾ ಸರ್?"

ಅನಂತರಾಜು ಒಂದು ಕ್ಷಣ ಪಿಳಿಪಿಳಿ ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ.

ಆ ನಗು ಕಂಡಮೇಲೆ ವನಿತಾಳ ಸಿಟ್ಟು ಎಲ್ಲಿ ಹೋಯಿತೋ! ಅವಳನ್ನು ಕೇಳಿದರೆ ಒಪ್ಪುವುದಿಲ್ಲ. ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ವನಿತಾ ಬಿ.ಕಾಂ. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವಳು. ಅಪ್ಪ ಹೋದಮೇಲೆ ಏಳು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದಳು. ಇಪ್ಪತ್ತೇಳನೇ ವಯಸ್ಸಿಗೆ ಧೈರ್ಯ ಮಾಡಿ ಸಂಜೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕ್ಲಾಸಿಗೆ ಸೇರಿ, ಹಗಲು ವಹಾಬ್ ಸರ್ ಹತ್ತಿರ ಕೆಲಸ ಕಲಿಯುತ್ತಿದ್ದಳು. "ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್" ಎಂದು ಸಿಗ್ನಲ್‌ನಲ್ಲಿ ನಿಂತಾಗಲೂ ಬಾಯಿಪಾಠ ಮಾಡುವಳು. ಹೆಸರಘಟ್ಟದ ಈ ನರ್ಸರಿ ಅವಳೊಬ್ಬಳೇ ಬರೆಯುವ ಮೊದಲ ಲೆಕ್ಕ. ಮಾರ್ಚ್ ಕೊನೆಗೆ ವರ್ಷದ ವರದಿ ಸರಿಯಾಗಿ ಬಂದರೆ ಕೆಲಸ ಕಾಯಂ. ತಪ್ಪಿದರೆ ಮತ್ತೆ ಹೊಲಿಗೆ ಯಂತ್ರವೇ ಗತಿ.

ಪ್ರತಿ ಶನಿವಾರ ಬರುವಳು. ಸಪೋಟ ಮರದ ಕೆಳಗಿನ ಮೇಜಿನ ಮೇಲೆ ಬಿಲ್ಲುಗಳನ್ನು ಹರಡಿಕೊಂಡು ಕೂರುವಳು. ಅನಂತರಾಜುವಿಗೆ ಅದೇನೋ, ಶನಿವಾರವೇ ಆ ಮರದ ಸುತ್ತ ಇಲ್ಲದ ಕೆಲಸ!

ಹೊರಡುವ ಹೊತ್ತಿಗೆ ಅವಳ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಗಿಡ ತಪ್ಪದೆ ಕುಳಿತಿರುತ್ತಿತ್ತು. ಒಮ್ಮೆ ದುಂಡುಮಲ್ಲಿಗೆ, ಒಮ್ಮೆ ಕನಕಾಂಬರ, ಒಮ್ಮೆ ಮರುಗ.

"ಇದೇನು ಸರ್?"

"ವಹಾಬ್ ಸರ್ ಆಫೀಸಿಗೆ. ಅವ್ರಿಗೆ ಗಿಡ ಅಂದ್ರೆ ಇಷ್ಟ" ಎನ್ನುವನು, ನೀರು ಬಿಡುವ ಪೈಪಿನ ಕಡೆ ನೋಡುತ್ತಾ.

ಆಫೀಸಿನ ಕಿಟಕಿ ತುಂಬುತ್ತಾ ಬಂತು. ವನಿತಾಳ ಮನಸ್ಸೂ...

ಛೆ! ಏನಿದು ಹುಚ್ಚು? ಲೆಕ್ಕ ಬರೆಯೋಕೆ ಬಂದವಳು ಲೆಕ್ಕ ಬರೀಬೇಕು ಅಷ್ಟೆ.

ಮಾರ್ಚ್ ಮೂವತ್ತೊಂದು ಬಂದೇಬಿಟ್ಟಿತು. ವರ್ಷದ ಕೊನೆಗೆ ಉಳಿದ ಸರಕನ್ನು ಕಣ್ಣಾರೆ ಎಣಿಸಬೇಕಲ್ಲ, ಇಲ್ಲಿ ಸರಕೆಂದರೆ ಗಿಡ. ಬೆಳಿಗ್ಗೆ ಏಳಕ್ಕೇ ಎಣಿಕೆ ಶುರುವಾಯಿತು. ಎಣಿಸುವವನು ಮುನಿರಾಮಯ್ಯ. ಇಪ್ಪತ್ತೆರಡು ವರ್ಷದಿಂದ ಆ ನರ್ಸರಿಯ ಬೀಗದ ಕೈ ಅವನ ಉಡಿದಾರದಲ್ಲೇ ಇತ್ತು. ಅನಂತರಾಜುವನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು.

"ಲಾಭ... ಎಲ್ಡು... ಮೂರು... ನಾಕು..."

"ತಾತ, ಒಂದು ಅನ್ನಲ್ವಾ?" ವನಿತಾ ಕೇಳಿದಳು.

"ಮೊದ್ಲನೇದು ಲಾಭ ಕಣವ್ವ. ನಮ್ಮಪ್ಪ ರಾಗಿ ಅಳೀವಾಗ್ಲೂ ಇಂಗೇ ಅಂತಿದ್ದ. ಲಾಭ ಅಂತ ಸುರು ಮಾಡಿದ್ರೆ ಲಾಭನೇ ಬತ್ತದೆ."

ಅನಂತರಾಜು ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ನಿಮ್ಮ ಟ್ಯಾಲಿಗೆ ಇದನ್ನ ಹೇಳ್ಬೇಡಿ."

ವನಿತಾ ನಗು ತಡೆಯಲು ಪೆನ್ಸಿಲ್ ಕಚ್ಚಿದಳು. ಜೀವನದಲ್ಲಿ ಅಷ್ಟು ಚೆಂದದ ದಿನ ಅವಳು ಕಂಡಿರಲಿಲ್ಲ.

ಆದರೆ ಸಂಜೆ ಆಫೀಸಿನಲ್ಲಿ ಲೆಕ್ಕ ಹಾಕಿದಾಗ ನಗು ಇಂಗಿತು. ಬೆಳೆಸಿದ ಗಿಡದಲ್ಲಿ ಮಾರಿದ್ದನ್ನು ಕಳೆದು, ಒಣಗಿದ್ದನ್ನೂ ಕಳೆದರೆ ಉಳಿಯಬೇಕಾದಷ್ಟು ಗಿಡ ತೋಟದಲ್ಲಿ ಇರಲಿಲ್ಲ. ಸಾವಿರದ ಎಂಟುನೂರ ನಲವತ್ತಾರು ಕಡಿಮೆ!

ಮೂರು ಸಲ ಕೂಡಿದಳು. ಮೂರು ಸಲವೂ ಅಷ್ಟೇ.

ವರದಿಗೆ ಮರುದಿನವೇ ಗಡುವು. ಕ್ಲಾಸಿನಲ್ಲಿ ಹೇಳಿಕೊಟ್ಟ ನಮೂನೆಯನ್ನು ತೆರೆದು ತುಂಬಿದಳು. ಕೊರತೆ, 1,846 ಗಿಡ. ಕಾರಣ, ತಿಳಿದಿಲ್ಲ. ಉಸ್ತುವಾರಿ, ಮುನಿರಾಮಯ್ಯ.

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಖಾಲಿ ಜಾಗವಿತ್ತು, ಹೆಸರು ಬರೆದಳು. ವಹಾಬ್ ಸರ್ ಊರಿನಲ್ಲಿರಲಿಲ್ಲ. ಒಂದು ಮಾತು ಫೋನಿನಲ್ಲಾದರೂ ಕೇಳಬಹುದಿತ್ತು. ಕೇಳಲಿಲ್ಲ. ಮೊದಲ ವರದಿಯನ್ನು ಒಬ್ಬಳೇ ಮುಗಿಸಿದೆ ಎನ್ನಿಸಿಕೊಳ್ಳುವ ಆಸೆ! ಬೆಳಿಗ್ಗೆಯೇ ಗೋಪಾಲಮ್ಮನ ಮನೆಗೆ ಕಳಿಸಿಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಎರಡು ದಿನ ಬಿಟ್ಟು ಅನಂತರಾಜು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅವಳ ವರದಿ, ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮ ಇದನ್ನ ಜೋರಾಗಿ ಓದಿದ್ಲು. ತಾತ ಅಲ್ಲೇ ಇದ್ದ. ಬೀಗದ ಕೈ ಗೂಟಕ್ಕೆ ನೇತುಹಾಕಿ ಜಕ್ಕೂರಲ್ಲಿರೋ ಮಗಳ ಮನೆಗೆ ಹೊರಟೋದ."

"ನಾನು... ನಾನು ಕಳ್ಳ ಅಂತ ಬರೆದಿಲ್ಲ ಸರ್. ಉಸ್ತುವಾರಿ ಯಾರು ಅಂತ ನಮೂನೇಲಿ ಕೇಳಿತ್ತು, ಅದಕ್ಕೆ..."

"ಕೊರತೆ ಅಂತ ಬರೆದು ಪಕ್ಕದಲ್ಲೇ ಅವನ ಹೆಸರು ಬರೆದ್ರೆ ಏನರ್ಥ ವನಿತಾ ಅವ್ರೇ? ಮೂರು ಸಸಿ ಸತ್ತಾಗ ನಿಮ್ಮ ಹೆಸರನ್ನ ನೀವೇ ಬರ್ಕೊಂಡ್ರಿ. ಅವತ್ತು ಅನ್ಕೊಂಡೆ, ಇವ್ರು ಬೇರೆ ತರ ಅಂತ."

ಅವನು ವರದಿಯನ್ನು ಅವಳ ಮೇಜಿನ ಮೇಲಿಟ್ಟ. "ಇನ್ಮೇಲೆ ನೀವು ಬರೋದು ಬೇಡ."

ಬೈಕಿನ ಸದ್ದು ಮುಖ್ಯರಸ್ತೆಯ ಗದ್ದಲದಲ್ಲಿ ಸೇರಿಹೋಯಿತು. ವನಿತಾ ಆ ವರದಿಯನ್ನು ಕೈಗೆತ್ತಿಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬರೆದ ಮಾತಂತೂ ಕಾಗದದ ಮೇಲೆ ಕೂತು ಮುಖವನ್ನೇ ನೋಡುತ್ತಿರುತ್ತದೆ.

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಕೊಡಿಗೇಹಳ್ಳಿ ಹಳೇ ಊರಿನ ತಿರುವಿನಲ್ಲಿ ಸೊಪ್ಪು ಕೊಳ್ಳಲು ನಿಂತಳು. ಸೊಪ್ಪು ಮಾರುವ ರಾಮಲಕ್ಷ್ಮಮ್ಮ ದಂಟಿನ ಕಟ್ಟು ಚೀಲಕ್ಕೆ ಹಾಕಿ, ಅದರ ಮೇಲೆ ಎರಡು ಎಸಳು ಕರಿಬೇವನ್ನು ತುರುಕಿದಳು. ದಿನವೂ ಹಾಕುತ್ತಿದ್ದಳು. ವನಿತಾ ದಿನವೂ ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದಳು.

ಇಂದು ಮಾತ್ರ ಕೈ ನಿಂತಿತು.

"ಅಮ್ಮಾ... ಈ ಕರಿಬೇವು?"

"ಕೊಸರು ಕಣವ್ವ. ಕೊಸರಿಲ್ದೆ ಯಾಪಾರ ಉಂಟಾ?"

"ಇದನ್ನ ಲೆಕ್ಕ ಇಡ್ತೀಯಾ?"

ರಾಮಲಕ್ಷ್ಮಮ್ಮ ಬಿದ್ದು ಬಿದ್ದು ನಕ್ಕಳು. "ಕೊಸರಿಗೆ ಯಾರಾದ್ರೂ ಲೆಕ್ಕ ಇಡ್ತಾರಾ? ಕೈ ತಾನಾಗೇ ಕೊಡ್ತದೆ!"

ನರ್ಸರಿಯ ಶನಿವಾರಗಳು ಒಂದೊಂದಾಗಿ ವನಿತಾಳ ಕಣ್ಣ ಮುಂದೆ ಬಂದವು. ಗಿರಾಕಿ ಹತ್ತು ಗಿಡ ಕೊಂಡರೆ ಮುನಿರಾಮಯ್ಯನ ಕೈ ಹನ್ನೊಂದನೆಯದನ್ನು ಎತ್ತಿ ಇಡುತ್ತಿತ್ತು! ಮೂರು ತಿಂಗಳು ಎದುರಿಗೇ ಕೂತು ನೋಡಿದ್ದಳು. ಬಿಲ್ಲಿನಲ್ಲಿ ಬರೆದದ್ದು ಹತ್ತು. ತೋಟದಿಂದ ಹೋದದ್ದು ಹನ್ನೊಂದು. ಹುಟ್ಟಿದಾಗಿನಿಂದ ಕೊಸರು ತಿಂದು ಬೆಳೆದವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ!

ಮರುದಿನ ಇಡೀ ಹಗಲು ವರ್ಷದ ಬಿಲ್ಲುಗಳನ್ನೆಲ್ಲ ಕೆದಕಿದಳು. ಹತ್ತಕ್ಕೊಂದರಂತೆ ಕೊಸರು ಕೂಡುತ್ತಾ ಹೋದಳು. ಒಟ್ಟು 1,834.

ಕಣ್ಣಲ್ಲಿ ನೀರು ತುಂಬಿತು. ಆದರೂ... ಇನ್ನು ಹನ್ನೆರಡು ಉಳಿದವಲ್ಲ? ಅವೆಲ್ಲಿ ಹೋದವು?

ಹೊತ್ತು ಇಳಿಯುವಾಗ ವಹಾಬ್ ಸರ್ ಬಂದರು. ವನಿತಾ ಎದ್ದು ನಿಂತು ಎಲ್ಲವನ್ನೂ ಹೇಳಿದಳು. "ತಪ್ಪು ನಂದೇ ಸರ್. ನಿಮಗೆ ತೋರಿಸ್ದೆ ಕಳಿಸಿದೆ. ಕೆಲಸ ಕೊಡದಿದ್ರೂ ಪರವಾಗಿಲ್ಲ. ಆ ವರದಿ ಮಾತ್ರ ವಾಪಸ್ ತಗೋಬೇಕು."

ವಹಾಬ್ ಸರ್ ಕನ್ನಡಕ ತೆಗೆದು ಒರೆಸಿದರು.

"ನೋಡು ಬೇಟಿ, ನಮ್ಮ ಕಸುಬಲ್ಲಿ ರಬ್ಬರ್ ಇಲ್ಲ. ತಪ್ಪು ಬರೆದಿದ್ದನ್ನ ಅಳಿಸೋ ಹಾಗಿಲ್ಲ, ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕ್ಬೇಕು. ತಪ್ಪೂ ಕಾಣ್ಬೇಕು, ತಿದ್ದಿದ್ದೂ ಕಾಣ್ಬೇಕು. ಆದ್ರೆ ಮೊದ್ಲು ಆ ಮುದುಕನ ಮನೆಗೆ ಹೋಗು. ಗೋಪಾಲಮ್ಮಂಗೆ ಕಾಗದ ಕಳಿಸೋದು ಆಮೇಲೆ."

ತಿದ್ದುಪಡಿ ಬರೆದು ಸಹಿ ಹಾಕಿ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಅವರ ದನಿ. "ಹೋಗೋ ಮುಂಚೆ ಆ ಕಿಟಕಿ ಗಿಡಗಳನ್ನ ನಿಮ್ಮನೆಗೆ ಒಯ್ಯಮ್ಮ. ನಂಗೆ ಹೂವಿನ ವಾಸ್ನೆಗೆ ಸೀನು. ಹುಡುಗಿ ಪ್ರೀತಿಯಿಂದ ಇಟ್ಟಿದಾಳೆ ಅಂತ ಸುಮ್ನಿದ್ದೆ."

ವನಿತಾ ಮೆಲ್ಲನೆ ತಿರುಗಿ ಕಿಟಕಿ ನೋಡಿದಳು. ಎಣಿಸಿದಳು. ಸರಿಯಾಗಿ ಹನ್ನೆರಡು!

ಜಕ್ಕೂರಿನ ಹಳೇ ಬೀದಿಯಲ್ಲಿ, ಮಗಳ ಮನೆಯ ಜಗಲಿ ಮೇಲೆ ಮುನಿರಾಮಯ್ಯ ಕುಳಿತಿದ್ದ. ಉಡಿದಾರದ ಬಳಿ ಕೈ ಆಗಾಗ ಹೋಗಿ ಏನನ್ನೋ ಹುಡುಕಿ ಬರಿದಾಗಿ ಬರುತ್ತಿತ್ತು. ಎದುರಿನ ಮೆಟ್ಟಿಲ ಮೇಲೆ ಅನಂತರಾಜು. ದಿನವೂ ಬಂದು ಕರೆದು ಸೋತಿದ್ದ.

ವನಿತಾ ಅವನ ಕಡೆ ನೋಡಲಿಲ್ಲ. ನೇರವಾಗಿ ಹೋಗಿ ಮುದುಕನ ಕಾಲ ಬಳಿ ಕುಳಿತಳು.

"ತಾತ, ನಾನು ತಪ್ಪು ಬರೆದೆ. ತಿದ್ದಿದೀನಿ. ಓದ್ಲಾ?"

ಮುನಿರಾಮಯ್ಯ ಕಾಗದದ ಕಡೆ ತಿರುಗಿದ. ಅವಳು ಓದಿದಳು. "ಹಿಂದಿನ ವರದಿಯಲ್ಲಿ ಕೊರತೆ ಎಂದು ಬರೆದ ಗಿಡಗಳಲ್ಲಿ 1,834 ಗಿಡಗಳನ್ನು ಗಿರಾಕಿಗಳಿಗೆ ಕೊಸರಾಗಿ ಕೊಡಲಾಗಿದೆ. ಅವು ಕಳೆದುಹೋಗಿಲ್ಲ. ತಪ್ಪು ಬರೆದವಳು, ವನಿತಾ."

ಮುದುಕ ಕಾಗದವನ್ನು ಮುಟ್ಟಿ ನೋಡಿ ಕೇಳಿದ. "ಕೊಸರನ್ನೂ ಎಣಿಸಿಬಿಟ್ಯಾ ತಾಯಿ? ಅದ್ರಲ್ಲಿ ನನ್ನ ಎಸ್ರು ಐತಾ?"

"ಇಲ್ಲ ತಾತ. ನನ್ನ ಹೆಸರೇ ಇದೆ."

"ಕೊಟ್ಟಿದ್ದು ತನಗೆ, ಬಚ್ಚಿಟ್ಟಿದ್ದು ಪರರಿಗೆ ಅಂತಾರೆ. ಕೊಟ್ಟಿದ್ಕೇ ಕಳ್ಳ ಆಗೋದ್ನಲ್ಲ ಅಂತ ಎದೆ ಉರೀತಿತ್ತು ಕಣವ್ವ..."

ಅನಂತರಾಜು ಎದ್ದು ಬಂದ. ಜೇಬಿನಿಂದ ಬೀಗದ ಕೈ ತೆಗೆದು ವನಿತಾಳ ಅಂಗೈಯಲ್ಲಿಟ್ಟ.

"ನೀವೇ ಕೊಡಿ" ಎಂದ. ಅವನ ಕಣ್ಣೂ ಒದ್ದೆಯಾಗಿತ್ತು. "ಕೊಸರು ನಂಗೂ ಹೊಳೀಲಿಲ್ಲ. ಚಿಕ್ಕೋನಿದ್ದಾಗಿಂದ ನೋಡ್ತಾ ಇದೀನಿ. ಸುಮ್ನೆ ನಿಮ್ಮ ಮೇಲೆ ಕೂಗಾಡಿದೆ."

ಶನಿವಾರ. ಸಪೋಟ ಮರದ ಕೆಳಗೆ ಗೋಪಾಲಮ್ಮ ಲಾಭ–ನಷ್ಟದ ಪಟ್ಟಿಗೂ ಬ್ಯಾಲೆನ್ಸ್ ಶೀಟಿಗೂ ಸಹಿ ಹಾಕಲು ಕುಳಿತಿದ್ದಳು. ಅಷ್ಟರಲ್ಲಿ ಮುನಿರಾಮಯ್ಯ, ಸೊಂಟದಲ್ಲಿ ಬೀಗದ ಕೈ ಝಣಝಣ ಅನ್ನಿಸುತ್ತಾ, ಯಾವುದೋ ಗಿಡ ನೋಡಬೇಕೆಂದು ಅವಳನ್ನು ಕರೆದುಕೊಂಡು ಹೋದ. ಯಾವ ಗಿಡವೋ ಅವನಿಗೇ ಗೊತ್ತಿರಲಿಲ್ಲ ಬಿಡಿ.

ಉಳಿದವರು ಇಬ್ಬರೇ.

"ಕೆಲಸ?" ಅವನು ಕೇಳಿದ.

"ಕಾಯಂ ಆಯ್ತು. ತಪ್ಪನ್ನ ತಾನೇ ಹುಡುಕಿ ಒಪ್ಕೊಳ್ಳೋರು ಸಿಗಲ್ಲ ಅಂದ್ರು ವಹಾಬ್ ಸರ್." ವನಿತಾ ಕಾಗದ ಸರಿಪಡಿಸಿದಳು. "ಆದ್ರೆ ಲೆಕ್ಕ ಇನ್ನೂ ಮುಗಿದಿಲ್ಲ. ಹನ್ನೆರಡು ಗಿಡಕ್ಕೆ ಕಾರಣ ಸಿಕ್ಕಿಲ್ಲ."

"ಹೌದಾ..." ಅವನ ಕಣ್ಣು ಪೈಪಿನ ಕಡೆ ಹೋಯಿತು.

"ವಹಾಬ್ ಸರ್‌ಗೆ ಹೂವಿನ ವಾಸನೆ ಆಗೋದೇ ಇಲ್ವಂತೆ."

"ಅಯ್ಯೋ..."

"ಹನ್ನೆರಡು ಶನಿವಾರ. ಹನ್ನೆರಡು ಗಿಡ. ಕೊಸರು ಅಂತ ಬರೀಲಾ?"

ಅನಂತರಾಜು ಈಗ ಪೈಪು ನೋಡಲಿಲ್ಲ. ಅವಳನ್ನೇ ನೋಡಿದ.

"ಬೇಡ. ಕೊಸರು ಗಿರಾಕಿಗೆ ಕೊಡೋದು. ಅದು ಹಾಗಲ್ಲ. ನೀವು ಮೂರು ಸಸಿಗೆ ನಿಮ್ಮ ಹೆಸರು ಬರ್ಕೊಂಡ್ರಲ್ಲ, ಅವತ್ತಿಂದ... ಬಾಯಲ್ಲಿ ಹೇಳೋಕೆ ಬರ್ಲಿಲ್ಲ ವನಿತಾ. ನಂಗೆ ಬರೋದು ಗಿಡ ಬೆಳೆಸೋದೊಂದೇ. ಅದಕ್ಕೇ ವಾರಕ್ಕೊಂದು ಇಟ್ಟೆ. ನೀವಂದ್ರೆ ನಂಗೆ ಪ್ರಾಣ."

ಅವಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಇಷ್ಟು ದಿನ ಎದೆಯಲ್ಲಿ ಅದುಮಿಟ್ಟದ್ದೆಲ್ಲ ಕಣ್ಣಿಗೆ ಬಂತು.

ಮೆಲ್ಲಗೆ ಬರೆದಳು. ಹನ್ನೆರಡು ಗಿಡ. ಮಾಲೀಕರ ಸ್ವಂತಕ್ಕೆ.

"ಇಂಥದ್ದಕ್ಕೂ ಖಾತೆ ಇದೆಯಾ?" ಅವನು ಬಗ್ಗಿ ಓದಿ ಬೆರಗಾದ.

"ಇದೆ. ಮಾಲೀಕರು ತಮ್ಮ ಮನೆಗೆ ಅಂತ ತಗೊಂಡಿದ್ದನ್ನ ಹಾಗೇ ಬರೀಬೇಕು."

"ಮನೆಗೆ..." ಅವನ ಮುಖ ಅರಳಿತು. "ಅಂದ್ರೆ... ಒಪ್ಪಿಗೇನಾ?"

ಅವಳು ಉತ್ತರಿಸುವ ಮೊದಲೇ ಅವನು ಮರದ ಹಿಂದೆ ಬಚ್ಚಿಟ್ಟಿದ್ದ ದುಂಡುಮಲ್ಲಿಗೆಯ ಗಿಡ ತಂದು ಅವಳ ಕೈಗಿತ್ತ. ಈ ಸಲ ಸ್ಕೂಟರಿನ ಮೇಲೆ ಇಡಲಿಲ್ಲ.

"ಇದು ಹೊಸ ವರ್ಷದ ಲೆಕ್ಕದ್ದು. ಇದನ್ನೂ ಬರೀತೀರಾ?"

"ಇದನ್ನ ಬರೆಯಲ್ಲ. ಎಣಿಸ್ತೀನಿ, ಅಷ್ಟೆ."

"ಎಲ್ಲಿ, ಎಣಿಸಿ ನೋಡೋಣ."

ವನಿತಾ ಗಿಡವನ್ನು ಎದೆಗೆ ಒತ್ತಿಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

"ಲಾಭ" ಎಂದಳು.