ಪುಡಿಯಾದ ಬೊಂಬೆ

"ಅಳಿಯಂದ್ರೇ, ನಮ್ಮಪ್ಪನ ಹಳೆ ಮನೆ ಗೋಡೆ ಕೆಡವೋಕ್ ಮುಂಚೆ ಒಳಗಿರೋ ಬೊಂಬೆ ಹುಡುಕ್ಸಿ, ಎಣ್ಣೇಲಿ ಹುರಿದ್ಬಿಡಿ. ಹುರಿದ್ರೇನೇ ಮಾಟ ಹೋಗೋದು" ಎಂದರು ಅತ್ತೆ ಯುವೆ-ಶಿಯಾ. "ನಮ್ಮಪ್ಪ ಗಾರೆಯವನಿಗೆ ಹಳಸಿದನ್ನ ಹಾಕಿದ್ರು. ಆ ಸಿಟ್ಟಿಗೆ ಅವನು ಬಾಯಿಲ್ಲದ ಮಣ್ಣಿನ ಬೊಂಬೆ ಒಳಗಿಟ್ಟು ಗೋಡೆ ಮುಚ್ಚಿದ. ಆಮೇಲೆ ಹುಟ್ಟಿದ ನನ್ನ ತಮ್ಮ ಅಳಲೇ ಇಲ್ಲ. ಸಾಯೋವರ್ಗೂ ಮೂಕ."

ಯುನ್-ಕಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹಳೆ ಮನೆಗಳ ಇಟ್ಟಿಗೆ ಚೂರು ಪುಡಿಮಾಡಿ, ಜಲಾಶಯದ ಹೂಳು ಸುಟ್ಟು ಮಾಡಿದ ಹಗುರ ಗೋಲಿಗಳನ್ನು ಮರಳಿನ ಬದಲು ಬೆರೆಸಿ ಗಾರೆ ಕಲಸುವುದು ಅವನ ಕಸುಬು. ನದಿಯ ಮರಳಿಗೆ ಕೈ ಹಾಕುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಬೊಂಬೆ ಇದ್ರೆ ಅದೂ ಪುಡಿನೇ, ಅತ್ತೆ!"

ತುಂಬು ಬಸುರಿ ಹೆಂಡತಿ ಸು-ಛಿನ್ ಮಾತ್ರ ನಗಲಿಲ್ಲ. ಬೊಂಬೆ ಹುಡುಕದೆಯೇ ಗೋಡೆ ಇಟ್ಟಿಗೆ ಪುಡಿಮಾಡುವ ಗಿರಣಿಗೆ ಹೋಯಿತು. ಆ ಗಾರೆಯನ್ನೇ ಅವನು ಹೊಸ ಮನೆಯ ಬಾಣಂತಿ ಕೋಣೆಗೆ ಬಳಿಸಿದ.

ಚಂಡಮಾರುತ ಅವರ ಊರು ತೈನಾನಿಗೆ ಬಡಿದ ಮಧ್ಯಾಹ್ನ ಕರೆಂಟು ಹೋಯಿತು. ಕಿಟಕಿಗೆಲ್ಲ ತಗಡು ಹೊಡೆದಿದ್ದರಿಂದ ಒಳಗೆ ಕಗ್ಗತ್ತಲು; ಕೋಣೆಗೊಂದು ಮೋಂಬತ್ತಿ ಹಚ್ಚಿದ್ದರು. ಒಣಗಿದ ಗೋಡೆಯಿಂದ ಹಸಿ ಹೂಳಿನ ವಾಸನೆ, ಅದರ ಹಿಂದೆಯೇ ಹಳಸಿದ ಅನ್ನದ ಹುಳಿ ನಾತ. ಯುನ್-ಕಾಯ್ ಗೋಡೆ ತಟ್ಟಿದ. ಒಳಗಿನಿಂದ ಯಾರೋ ತಿರುಗಿ ತಟ್ಟಿದರು.

"ರೀ... ನೋವು ಶುರುವಾಯ್ತು. ಮಗು ಅಲುಗಾಡ್ತಿಲ್ಲ..." ಸು-ಛಿನ್ಳ ತುಟಿ ಇನ್ನೂ ಆಡುತ್ತಿತ್ತು, ದನಿ ಇರಲಿಲ್ಲ.

ಇಡಿಯಾಗಿದ್ದರೆ ಬೊಂಬೆಯನ್ನು ಹುಡುಕಬಹುದಿತ್ತು. ಈಗ ಅದು ಗೋಡೆಯ ಉದ್ದಗಲಕ್ಕೂ ಇತ್ತು, ಬಳಿಸಿದವನು ಅವನೇ.

"ಇವಳನ್ನ ಪಕ್ಕದ ಕೋಣೆಗೆ ಕರ್ಕೊಂಡ್ಹೋಗ್ತೀನಿ" ಎಂದು ಅತ್ತೆ ಮಗಳ ತೋಳು ಹಿಡಿದರು. "ನೀವು ಗಾರೆನೆಲ್ಲ ಕೆರೀರಿ, ಹುರೀರಿ. ಚೂರೂ ಬಿಡಬೇಡಿ. ಬಾಯಿ ಮಾತ್ರ ತೆರೀಬೇಡಿ. ಅದು ಕಾಯ್ತಿರೋದೇ ಬಾಯಿಗೆ."

ಬಾಣಲೆಯಲ್ಲಿ ಎಣ್ಣೆ ಕುದಿಯಿತು. ಅವನು ಕೆರೆದ. ಹುರಿದ. ಹೊಗೆ ಕಣ್ಣು ಸುಟ್ಟಿತು. ಉಗುರು ಕಿತ್ತು ಬಂತು. ಮತ್ತೆ ಕೆರೆದ. ಗೋಲಿಗಳು ಎಣ್ಣೆಯಲ್ಲಿ ಮುಲುಗುಟ್ಟಿದವು.

ಮೇಲಿನ ಮೂಲೆ ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಅತ್ತೆ ಚೀರಿದರು. "ಹುಟ್ತು! ಗಂಡು! ಅಯ್ಯೋ, ಅಳ್ತಿಲ್ಲ! ನೀಲಿಗಟ್ತಿದೆ!"

ಯುನ್-ಕಾಯ್ ಕುರ್ಚಿ ಹತ್ತಿದ. ಕೆರೆಯಲು ಹೊತ್ತಿರಲಿಲ್ಲ. ತಣ್ಣನೆಯ ಗಾರೆಗೆ ಬಾಯಿ ಒತ್ತಿ, ಅಗಲವಾಗಿ ತೆರೆದ.

"ನನ್ ದನಿ ತಗೋ. ಮಗಂದು ಬಿಡು."

ಗಂಟಲಿನಿಂದ ಏನೋ ಬೇರುಸಮೇತ ಕಿತ್ತು ಹೋಯಿತು. ಪಕ್ಕದಲ್ಲಿ ಮಗು ಕಿರುಚಿ ಅತ್ತಿತು.

ಅವನು ಓಡಿಹೋಗಿ ಮಗನನ್ನು ಎತ್ತಿಕೊಂಡ. ಕಂದಾ ಎನ್ನಲು ಹೊರಟ. ಬರಿಯ ಗಾಳಿ ಬಂತು. ಅವನು ಬಿಟ್ಟುಬಂದ ಖಾಲಿ ಕೋಣೆಯ ಮೇಲಿನ ಮೂಲೆಯಿಂದ ಅವನದೇ ದನಿ ನಗುತ್ತಿತ್ತು.

"ಅದೂ ಪುಡಿನೇ, ಅತ್ತೆ!"