ಮೂರು ಕೈ ಬರೆದ ಮಂತ್ರ

ಬಹಳ ಹಿಂದೆ, ಹದ್ದುಗಳೂ ರಾಜನಿಗೆ ಕಪ್ಪ ಕೊಡುತ್ತಿದ್ದ ಕಾಲದಲ್ಲಿ, ಹೊಳೆಗಿರಿ ಅಂತ ಒಂದು ರಾಜ್ಯ. ಅಲ್ಲಿ ಅರಮನೆಯ ತುಪ್ಪ ತಿಂದು ಕೊಬ್ಬಿದ ಮೂವರು ಮಂತ್ರ ಬರೆಯುವವರು: ಸಿದ್ದೋಜ, ಈರಭದ್ರ, ಮಾಬಲ. ಕಪ್ಪೆಗಣ್ಣನೆಂಬ ಮಾಂತ್ರಿಕನನ್ನು ಸುಡುವ ಮಂತ್ರವನ್ನು ಈ ಮೂವರೂ ಸೇರಿ ಓಲೆಗಳಲ್ಲಿ ಕೊರೆಯಬೇಕು. ಅರಮನೆಯಲ್ಲಿ ಮಂತ್ರ ಓದುವ ಹೊನ್ನಾಜಿ ಅದನ್ನು ಮಾಂತ್ರಿಕನ ಎದುರು ಒಂದೇ ಉಸಿರಿಗೆ ಓದಬೇಕು. ತಡವರಿಸಿದರೆ ಕೆಟ್ಟಿತು. ಅವಳ ಗಂಡ ದ್ಯಾವಣ್ಣನ ಪಾದಗಳನ್ನು ಆ ಪಾಪಿ ಮಾಂತ್ರಿಕ ಆಗಲೇ ಕಲ್ಲು ಮಾಡಿದ್ದ.

ಈ ಮೂವರ ಬುದ್ಧಿ ಕೇಳಿ! ಸಿದ್ದೋಜ ಸಂದು ಬಿಡದೆ ಒತ್ತೊತ್ತಾಗಿ ಕೊರೆಯುವವನು. ಈರಭದ್ರ ಸಾಲಿಗೆ ನಾಲ್ಕು ಬೆರಳು ಅಂಚು ಬಿಡುವವನು. ಮಾಬಲ ಮನಸ್ಸು ಬಂದಲ್ಲಿ ಸಾಲು ಮುರಿಯುವವನು. ಬೆಳಗಾದರೆ ಒಬ್ಬನ ಓಲೆ ಹರಿದು ಇನ್ನೊಬ್ಬ ತನ್ನ ಥರ ಕೊರೆಯುವುದು, ಇದೇ ಕೆಲಸ. ಮನೆಯಲ್ಲಿ ಹೆಂಡತಿಯೆದುರು ಕೆಮ್ಮಲೂ ಹೆದರುವ ಗಂಡಸರು, ಅಂಚಿಗಾಗಿ ಜುಟ್ಟು ಹಿಡಿದು ಹೊಡೆದಾಡಿದರು!

ಮೊದಲ ಸಲ ಮಾಂತ್ರಿಕ ಬಂದ. ಹೊನ್ನಾಜಿ ಓದುತ್ತ ಸಿದ್ದೋಜನ ಗಿಜಿಗಿಜಿಯಲ್ಲಿ ಸಿಕ್ಕಿಬಿದ್ದಳು. ದ್ಯಾವಣ್ಣ ಮಂಡಿಯವರೆಗೆ ಕಲ್ಲಾದ.

"ಇವಳಿಗೆ ಓದೋಕೇ ಬರಲ್ಲ," ಅಂದ ಮಾಬಲ.

ಎರಡನೆಯ ಸಲ ಮಾಂತ್ರಿಕ ಬಂದ. ಈರಭದ್ರನ ಅಂಚು ದಾಟಿ ಮಾಬಲನ ಮುರುಕು ಸಾಲಿಗೆ ಬರುವಷ್ಟರಲ್ಲಿ ಅವಳ ಉಸಿರು ಮುಗಿಯಿತು. ದ್ಯಾವಣ್ಣ ಸೊಂಟದವರೆಗೆ ಕಲ್ಲಾದ.

"ನಾಲಿಗೆ ದಪ್ಪ ಇವಳದು," ಅಂದ ಮಾಬಲ. ಅವನ ನಾಲಿಗೆಗೆ ಹುಳ ಬೀಳ!

"ಹೊನ್ನೀ, ಇನ್ನೊಂದು ಸಲ ತಪ್ಪಿದರೆ ನಿನ್ನ ಹೆಸರು ಕರೆಯೋಕೂ ನನಗೆ ಬಾಯಿರಲ್ಲ ಕಣೇ," ಅಂದ ದ್ಯಾವಣ್ಣ.

ಹೊನ್ನಾಜಿ ಬಡಗಿಯಿಂದ ಓಲೆಯ ಮೇಲಿಟ್ಟು ಕೊರೆಯುವ ಮರದ ಚೌಕಟ್ಟು ಮಾಡಿಸಿ ತಂದು ಮೂವರ ಮುಂದೆ ಕುಕ್ಕಿದಳು. ಎರಡು ಬೆರಳು ಅಂಚು, ಮಂತ್ರದ ಒಂದೊಂದು ಆಜ್ಞೆಗೂ ಒಂದೊಂದು ಸಾಲು.

"ಇದು ನನ್ನ ಥರ ಇಲ್ಲ," ಅಂದ ಸಿದ್ದೋಜ.

"ನನ್ನದೇ ಚೆಂದ," ಅಂದ ಈರಭದ್ರ.

"ಚೆಂದ ಯಾರಿಗೆ ಬೇಕಿತ್ತೋ, ಮುಠ್ಠಾಳರಾ! ನನ್ನ ಗಂಡ ಕಲ್ಲಾಗ್ತಿದ್ದಾನೆ. ಎಲ್ಲಾ ಒಂದೇ ಥರ ಇರಲಿ. ಚೌಕಟ್ಟು ಬಿಟ್ಟು ಕೊರೆದವನ ಬೆರಳು ಮುರೀತೀನಿ!"

ಮೂವರಿಗೂ ಹಿಡಿಸಲಿಲ್ಲ. ಗೊಣಗುತ್ತಲೇ ಚೌಕಟ್ಟಿಟ್ಟು ಕೊರೆದರು. ಓಲೆಗಳನ್ನು ಜೋಡಿಸಿದರೆ ಅಯ್ಯಯ್ಯೋ, ಮಾಬಲನ ಓಲೆಯ ನಡುವೆ ಒಂದು ಸಾಲು ಖಾಲಿ! ಅಲ್ಲಿರಬೇಕಾದ ಆಜ್ಞೆಯನ್ನೇ ನುಂಗಿಬಿಟ್ಟಿದ್ದ. ಇಷ್ಟು ದಿನ ಆ ಮುರುಕು ಸಾಲುಗಳಲ್ಲಿ ಈ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊನ್ನಾಜಿಯನ್ನು ಬೈದದ್ದೇ ಬೈದದ್ದು, ಕಳ್ಳ! ತಲೆ ತಗ್ಗಿಸಿ ಆ ಸಾಲು ಕೊರೆದ.

ಮೂರನೆಯ ಸಲ ಮಾಂತ್ರಿಕ ಬಂದ. ಹೊನ್ನಾಜಿ ಒಂದೇ ಉಸಿರಿಗೆ ಓದಿ ಮುಗಿಸಿದಳು. ಕಪ್ಪೆಗಣ್ಣ ಒಂದು ಹಿಡಿ ಬೂದಿಯಾದ. ದ್ಯಾವಣ್ಣನಿಗೆ ಕಾಲು ಬಂತು. ಬಂದದ್ದೇ ತಡ, ಮಾಬಲನನ್ನು ಮೂರು ಬೀದಿ ಅಟ್ಟಿಸಿಕೊಂಡು ಹೋದ.

ಅಂದಿನಿಂದ ಹೊಳೆಗಿರಿಯ ಜನ ಉಂಡುಟ್ಟು ಸುಖವಾಗಿ ಬಾಳಿದರು. ಮಾಬಲನೂ ಬಾಳಿದ, ಹೊನ್ನಾಜಿಯ ಬೀದಿಗೆ ಮಾತ್ರ ಕಾಲಿಡದೆ.