ಕೊಡೆಗೆ ಮರಳಿದ ಕೆಂಪು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಕೊಂಚ ವಿಚಿತ್ರವಾಗಿತ್ತು. ದೂರು ತಂದಾಕೆ ಮೂಲೆ ಕೆಫೆಯ ಒಡತಿ. ಗಂಡ ತೀರಿಕೊಂಡು ಎರಡು ವರ್ಷವಾದರೂ ವಾರದ ರಜೆ ಬಿಟ್ಟರೆ ಒಂದು ದಿನವೂ ಅಂಗಡಿಯ ಬಾಗಿಲು ಮುಚ್ಚದ ಗಟ್ಟಿ ಹೆಂಗಸು. ಗೋಡೆಯ ಮೇಲಿದ್ದ ಹಳೇ ಫ್ರೆಂಚ್ ಪೋಸ್ಟರಿನ ಬಣ್ಣ ವಾಪಸ್ ಬಂದಿದೆ ಎಂಬುದು ಆಕೆಯ ದೂರಾಗಿತ್ತು.

ಹೆಡ್ ಕಾನ್‌ಸ್ಟೆಬಲ್ ಬರೆಯಲೆಂದು ಎತ್ತಿದ ಪೆನ್ನನ್ನು ಹಾಗೇ ಹಿಡಿದುಕೊಂಡ. ಮಾತಿಗೊಂದು ಗಾದೆ ಪೋಣಿಸುವ ಈತನನ್ನು ಠಾಣೆಯಲ್ಲಿ ಎಲ್ಲರೂ ಗಾದೆಪ್ಪ ಎಂದೇ ಕರೆಯುತ್ತಿದ್ದರು.

“ಬಣ್ಣ ಹೋಯ್ತು ಅಂತ ಜಗಳಕ್ಕೆ ಬರೋರನ್ನ ನೋಡಿದೀನಮ್ಮ. ಬಂತು ಅಂತ ಬಂದವರು ನೀವೇ ಮೊದಲು” ಎಂದ.

“ತಮಾಷೆ ಮಾಡಬೇಡಿ. ಗೋಡೆ ಮೇಲಿರೋದು ನಮ್ಮ ಚಿತ್ರ ಅಲ್ಲ. ನಮ್ಮದನ್ನ ಯಾರೋ ಹೊಡ್ಕೊಂಡು ಹೋಗಿ ಇದನ್ನಿಟ್ಟಿದಾರೆ.”

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಮೇಡಂ ಇಬ್ಬರನ್ನೂ ಕರೆದರು. ಅವರಿಗೆ ಚಿತ್ರಕಲೆಯ ಗಂಧಗಾಳಿ ಇರಲಿಲ್ಲ. ಅವರ ಮನೆಯ ಗೋಡೆಗಳ ಮೇಲೆ ಒಂದು ಗಡಿಯಾರ, ಒಂದು ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇರಲಿಲ್ಲ, ಅದರ ಬಗ್ಗೆ ಅವರಿಗೆ ಬೇಸರವೂ ಇರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆಕೆ ಒಂದು ಪಾಠ ಕಲಿತಿದ್ದರು. ಸುಳ್ಳು ದೂರು ಕೊಡುವವರು ನಂಬುವಂಥ ಕತೆಯನ್ನೇ ಕಟ್ಟಿಕೊಂಡು ಬರುತ್ತಾರೆ.

ಒಡತಿ ಕೈಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಗಿರಾಕಿಯೊಬ್ಬರ ಹುಟ್ಟುಹಬ್ಬಕ್ಕೆ ಹಿಂದಿನ ತಿಂಗಳು ಕೆಫೆಯಲ್ಲಿ ತೆಗೆದದ್ದು. ನಗುವ ಮುಖಗಳ ಹಿಂದೆ ಪೋಸ್ಟರು ಕಾಣುತ್ತಿತ್ತು: ಮಳೆಯಲ್ಲಿ ನೆಂದ ಪ್ಯಾರಿಸಿನ ಬೀದಿ, ಉದ್ದ ಕೈಗವಸು ತೊಟ್ಟ ಹೆಂಗಸು, ಅವಳನ್ನು ಎಳೆದುಕೊಂಡು ಓಡುವ ಪುಟ್ಟ ನಾಯಿ, ತಲೆಯ ಮೇಲೆ ದೊಡ್ಡದೊಂದು ಕೊಡೆ. ನೂರು ವರ್ಷಕ್ಕೂ ಹಿಂದೆ ಯಾವುದೋ ಕೊಡೆ ಅಂಗಡಿಯವರು ಅಚ್ಚು ಹಾಕಿಸಿದ ಜಾಹೀರಾತು ಅದು. ಫೋಟೋದಲ್ಲಿ ಕೊಡೆಯ ಬಣ್ಣ ಒಗೆದೊಗೆದು ಸವೆದ ಬಟ್ಟೆಯಂತೆ ಮಾಸಲು ಗುಲಾಬಿಯಾಗಿತ್ತು.

“ಈಗ?” ಇನ್‌ಸ್ಪೆಕ್ಟರ್ ಕೇಳಿದರು.

“ಈಗ ಕೆಂಪು. ಕಣ್ಣಿಗೆ ಹೊಡೆಯೋ ಹಾಗೆ ಕೆಂಪು.”

ಹನ್ನೊಂದೂಕಾಲಿಗೆ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇನ್‌ಸ್ಪೆಕ್ಟರ್, ಗಾದೆಪ್ಪ ಮತ್ತು ಒಬ್ಬ ಕಾನ್‌ಸ್ಟೆಬಲ್ ಕೆಫೆಗೆ ಹೋದರು.

ಕೆಫೆ ಚಿಕ್ಕದು, ಚೊಕ್ಕದು. ದುಂಡು ಮೇಜುಗಳು, ಬೆತ್ತದ ಕುರ್ಚಿಗಳು, ದಿನದ ತಿಂಡಿಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆ. ಗೋಡೆಯ ತುಂಬ ಹಳೇ ಫ್ರೆಂಚ್ ಪತ್ರಿಕೆಗಳಿಂದ ತೆಗೆದು ಕಟ್ಟು ಹಾಕಿಸಿದ ಚಿತ್ರಗಳು. ಟೋಪಿಯ ಹೆಂಗಸರು, ಸೈಕಲ್ ಮೇಲಿನ ಗಂಡಸರು, ಕಾಫಿ ಬಟ್ಟಲಿನ ಮುಂದೆ ಜಗಳವಾಡುವ ಜೋಡಿಗಳು. ಕೊಡೆಯ ಪೋಸ್ಟರು ಮಾತ್ರ ಬೀದಿಯ ಕಿಟಕಿಗೆ ಎದುರಾಗಿ, ಹೊರಗೆ ಹೋಗುವವರಿಗೂ ಕಾಣುವಂತೆ ನೇತಾಡುತ್ತಿತ್ತು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೇ ಬೀಳುತ್ತಿತ್ತು.

ಪಕ್ಕದ ಔಷಧಿ ಅಂಗಡಿಯವನನ್ನೂ ಎದುರಿನ ದರ್ಜಿಯನ್ನೂ ಪಂಚರನ್ನಾಗಿ ಕರೆಸಿ ಪಂಚನಾಮೆ ಶುರು ಮಾಡಿದರು. ಕಟ್ಟನ್ನು ಕೆಳಗಿಳಿಸಿ ಮೇಜಿನ ಮೇಲೆ ಮಗುಚಿದಾಗ, ಹಿಂದಿನ ಅಂಟುಪಟ್ಟಿಯನ್ನು ಬ್ಲೇಡಿನಲ್ಲಿ ಸೀಳಿ ಮತ್ತೆ ಒತ್ತಿ ಅಂಟಿಸಿದ್ದು ಕಂಡಿತು. ಒಡತಿ ಹೇಳಿದಂತೆ ಅಸಲು ಪೋಸ್ಟರಿಗೆ ಹಿಂದೆ ಬಟ್ಟೆ ಅಂಟಿಸಿತ್ತು, ಇದಕ್ಕೆ ಇರಲಿಲ್ಲ. ಇನ್‌ಸ್ಪೆಕ್ಟರ್ ಬೆರಳಚ್ಚು ನೋಡುವ ಮಸೂರವನ್ನು ಕೊಡೆಯ ಮೇಲೆ ಹಿಡಿದರು. ಅಚ್ಚಿನ ಗುರುತು ಎಲ್ಲೂ ಇರಲಿಲ್ಲ. ಕುಂಚದ ಗೆರೆಗಳು ಒಂದರ ಪಕ್ಕ ಒಂದು, ತಾಳ್ಮೆಯಿಂದ, ಕೊಡೆಯ ಬಾಗು ಹಿಡಿದು ಸಾಗಿದ್ದವು.

“ಕೈಯಲ್ಲಿ ಬರೆದಿದಾರೆ” ಎಂದರು.

“ಅಬ್ಬ, ಕದಿಯೋಕೆ ಇಷ್ಟು ಕಷ್ಟಪಡೋ ಬದಲು ದುಡಿದು ತಿನ್ನಬಹುದಿತ್ತು” ಎಂದ ಗಾದೆಪ್ಪ.

ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಕೀಲಿ ಯಾರ ಬಳಿ ಇದೆ ಎಂದು ಕೇಳಿದಾಗ ಒಡತಿ ಸೆರಗಿನ ತುದಿ ಹಿಂಡುತ್ತಾ ಹೇಳಿದಳು: “ನನ್ನ ಹತ್ರ ಒಂದು, ಸಪ್ಲೈಯರ್ ಹತ್ರ ಒಂದು. ಇವತ್ತು ಬೆಳಿಗ್ಗೆ ಇದನ್ನ ನೋಡಿದ ತಕ್ಷಣ ಅವನ ಹತ್ರ ವಾಪಸ್ ಇಸ್ಕೊಂಡೆ. ಇನ್ಮೇಲೆ ಬರಬೇಡ ಅಂದೆ.”

“ಅವನೇ ಅಂತ ನಿಮಗೆ ಗ್ಯಾರಂಟಿನಾ?”

“ಇನ್ಯಾರು ಅಂತ ಹೇಳಲಿ, ನೀವೇ ಹೇಳಿ.”

ಸಪ್ಲೈಯರ್ ನಲವತ್ತು ದಾಟಿದ ಮನುಷ್ಯ, ಕೆಫೆ ತೆರೆದ ದಿನದಿಂದಲೂ ಅಲ್ಲೇ ಇದ್ದವನು. ಸಂಜೆ ಜೀಪು ಅವನ ಮನೆಯ ಮುಂದೆ ನಿಂತಾಗ ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು. ಜೀಪು ಬಂದ ಮೇಲೆ ಬೀದಿಗೆ ಸಾಕ್ಷಿ ಬೇಕಾಗುವುದಿಲ್ಲ. ಒಳಗೆ ಅವನ ಮಾವ ಕುರ್ಚಿಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮಗಳು ಪುಸ್ತಕ ಮುಂದಿಟ್ಟುಕೊಂಡು ಓದುವವಳಂತೆ ನಟಿಸುತ್ತಿದ್ದಳು.

“ಚಿತ್ರ ಬದಲಾಗಿದ್ದು ನಿನಗೆ ಗೊತ್ತಾಗಲಿಲ್ವಾ?”

“ಇಲ್ಲ ಮೇಡಂ. ನಾನು ಮೇಜು ನೋಡೋನು. ಗೋಡೆ ನೋಡ್ಕೊಂಡು ನಡೆದ್ರೆ ಕಾಫಿ ಯಾರ ಮೇಲೋ ಚೆಲ್ಲುತ್ತೆ.”

“ಚಿತ್ರ ಬರೆಯೋಕೆ ಬರುತ್ತಾ?”

“ನನ್ನ ಹೆಸರು ಬರೆದರೇ ಸೊಟ್ಟ ಆಗುತ್ತೆ.”

“ಕೀಲಿ ಯಾರಿಗಾದರೂ ಕೊಟ್ಟಿದ್ದೆಯಾ?”

“ನನ್ನ ಹೆಂಡತಿಗೂ ಕೊಟ್ಟಿಲ್ಲ.” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: “ಮೇಡಂ, ಜೀಪು ಸ್ವಲ್ಪ ಆ ಕಡೆ ನಿಲ್ಲಿಸಬಹುದಾ? ಮಗಳು ನಾಳೆ ಸ್ಕೂಲಿಗೆ ಹೋಗಲ್ಲ ಅಂತಿದಾಳೆ.”

ಇನ್‌ಸ್ಪೆಕ್ಟರಿಗೆ ಬೇಸರವಾಯಿತು. ಮನೆ ಶೋಧಿಸಿದರು, ಏನೂ ಸಿಗಲಿಲ್ಲ. ವಾಪಸ್ ಬರುವಾಗ ಗಾದೆಪ್ಪ, “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು” ಎಂದ. ಆದರೆ ಕೀಲಿಯೊಂದೇ ಸಾಕ್ಷಿಯಾದರೆ ಇನ್ನೆರಡು ದಿನದಲ್ಲಿ ಇದೇ ಮನುಷ್ಯನನ್ನು ಬಂಧಿಸಬೇಕಾಗುತ್ತದೆ ಎಂಬುದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು.

ಮರುದಿನ ನಕಲು ಚಿತ್ರವನ್ನು ಠಾಣೆಯ ಮೇಜಿಗೆ ಒರಗಿಸಿ, ಪಕ್ಕದಲ್ಲಿ ಹುಟ್ಟುಹಬ್ಬದ ಫೋಟೋ ಇಟ್ಟುಕೊಂಡು ಕೂತರು. ಬೀದಿ ಅದೇ, ನಾಯಿ ಅದೇ, ಕೈಗವಸಿನ ಮಡಿಕೆ ಕೂಡ ಅದೇ. ಕೊಡೆ ಮಾತ್ರ ಬೇರೆ.

“ಗಾದೆಪ್ಪ, ಕಳ್ಳ ನಕಲನ್ನ ಯಾಕೆ ಇಡ್ತಾನೆ?”

“ಕದ್ದದ್ದು ಗೊತ್ತಾಗಬಾರದು ಅಂತ.”

“ಅಂದ ಮೇಲೆ ಗೋಡೆ ಮೇಲೆ ಇದ್ದ ಹಾಗೇ ಮಾಸಲು ಬಣ್ಣ ಹಚ್ಚಬೇಕಿತ್ತಲ್ವಾ? ನಾಯಿಯ ಮೀಸೆ ಕೂಡ ಎಣಿಸಿ ಬರೆದವನು ಕೊಡೆ ಬಣ್ಣ ತಪ್ತಾನಾ?”

ಗಾದೆಪ್ಪ ತಲೆ ಕೆರೆದುಕೊಂಡ. ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡು ಎದ್ದರು. ನಕಲು ಮಾಡುವಾಗ ಈ ಕೆಂಪು ಕೆಫೆಯ ಗೋಡೆಯ ಮೇಲೆ ಇರಲಿಲ್ಲ. ಆದರೂ ಬರೆದವನ ಕಣ್ಣಲ್ಲಿ ಇತ್ತು.

ಕೆಫೆಯಲ್ಲಿ ಒಡತಿಯೇ ಕಾಫಿ ಹಂಚುತ್ತಿದ್ದಳು. ಎರಡು ಮೇಜಿಗೆ ಅದಲುಬದಲಾಗಿ ಕೊಟ್ಟು ಬೈಸಿಕೊಂಡಿದ್ದಳು.

“ಈ ಚಿತ್ರ ಮಾಸೋಕೆ ಮುಂಚೆ ನೋಡಿದವರು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ಹೆಚ್ಚು ಜನ ಇಲ್ಲ. ನಮ್ಮವರು ಈ ಕೆಫೆ ಶುರು ಮಾಡೋವರೆಗೂ ಅದು ತಗಡಿನ ಕೊಳವೆ ಒಳಗೇ ಸುತ್ತಿಟ್ಟಿತ್ತು. ಇಲ್ಲಿಗೆ ಹಾಕಿದ ಮೇಲೆ ಒಂದೆರಡು ಬೇಸಿಗೆಯಲ್ಲೇ ಕೆಂಪು ಇಳಿಯೋಕೆ ಶುರುವಾಯ್ತು.”

“ಕೊಳವೆಗೆ ಹೋಗೋ ಮುಂಚೆ?”

ಒಡತಿಯ ಮುಖ ಕೊಂಚ ಸಡಿಲವಾಯಿತು. “ಓ, ಅದಾ? ಅದನ್ನ ತಂದಿದ್ದೇ ನಮ್ಮವರು, ಅವರ ತಮ್ಮ ಇಬ್ಬರೂ ಸೇರಿ. ಹುಡುಗರಾಗಿದ್ದಾಗ ಪ್ಯಾರಿಸ್‌ಗೆ ಹೋಗಿದ್ರಂತೆ. ನದಿ ದಂಡೆ ಮೇಲೆ ಹಳೇ ಪುಸ್ತಕ ಮಾರೋರ ಹತ್ರ ಇದನ್ನ ಕಂಡು, ಎರಡು ದಿನ ಬರೀ ಬ್ರೆಡ್ ತಿಂದ್ಕೊಂಡು ಇದ್ದು ಕೊಂಡ್ರಂತೆ. ನಮ್ಮ ಮದುವೇಲಿ ನನ್ನ ಮೈದುನ, ನಿಮ್ಮಿಬ್ಬರಿಗೇ ಇರಲಿ ಅಂತ ಬಿಟ್ಟುಕೊಟ್ಟ.”

“ಮೈದುನ ಏನು ಮಾಡ್ತಾರೆ?”

“ಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಆ ಕರಿಹಲಗೆ ನೋಡಿ, ವಾರವಾರ ರಜೆ ದಿನ ಬಂದು ಅವನೇ ಬರೆದು ಹೋಗ್ತಾನೆ.”

“ರಜೆ ದಿನ ಬಾಗಿಲು ಯಾರು ತೆಗೀತಾರೆ?”

“ಅವನ ಹತ್ರ ಕೀಲಿ ಇದೆಯಲ್ಲ.”

ಇನ್‌ಸ್ಪೆಕ್ಟರ್ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದರು. ಒಡತಿ ಬಟ್ಟಲು ಒರೆಸುತ್ತಿದ್ದ ಕೈ ನಿಲ್ಲಿಸಿದಳು.

“ನಿನ್ನೆ ಕೇಳಿದಾಗ ಎರಡೇ ಅಂದಿರಿ.”

“ಅವನು ಮನೆಯವನಲ್ವಾ” ಎಂದಳು ಆಕೆ, ಬಹಳ ಮೆಲ್ಲಗೆ. ಗಾದೆಪ್ಪನ ನಾಲಿಗೆಯ ತುದಿಗೆ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡ.

ಮೇಷ್ಟ್ರ ಮನೆ ಎರಡನೇ ಮಹಡಿಯಲ್ಲಿತ್ತು. ಅಂದು ಶಾಲೆಗೆ ರಜೆ ಹಾಕಿ ಮನೆಯಲ್ಲೇ ಇದ್ದರು. ಮದುವೆಯಾಗದ ಮನುಷ್ಯ, ತೆಳ್ಳಗೆ, ಬೆರಳ ಸಂದುಗಳಲ್ಲಿ ಬಣ್ಣ. ಗೋಡೆಗಳ ಮೇಲೆಲ್ಲ ಅವರೇ ಬರೆದ ಚಿತ್ರಗಳು: ಪ್ಯಾರಿಸಿನ ಮಾಡಿನ ಮೇಲಿನ ಹೊಗೆಗೂಡುಗಳು, ಬಾಲ್ಕನಿಯ ಕಬ್ಬಿಣದ ಬಳ್ಳಿಗಳು, ಮೆಟ್ಟಿಲ ಮೇಲೆ ಕೂತ ಹೂವಿನವಳು. ಒಮ್ಮೆ ಮಾತ್ರ ನೋಡಿದ ಊರನ್ನು ಮೂವತ್ತು ವರ್ಷದಿಂದ ಬರೆಯುತ್ತಿದ್ದರು. ಪರದೆಗಳನ್ನು ಹಗಲಿನಲ್ಲೂ ಎಳೆದಿತ್ತು.

“ಯಾಕೆ ಬಂದಿದೀವಿ ಗೊತ್ತಾ, ಮೇಷ್ಟ್ರೇ?”

“ಗೊತ್ತು.”

ಇನ್‌ಸ್ಪೆಕ್ಟರ್ ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಮೇಷ್ಟ್ರು ಎದ್ದು ಮಂಚದ ಕೆಳಗಿಂದ ಎರಡು ದೊಡ್ಡ ರಟ್ಟುಗಳನ್ನು ಎಳೆದರು. ಅವುಗಳ ನಡುವೆ, ತೆಳು ಕಾಗದದ ಪದರಗಳ ಒಳಗೆ ಪೋಸ್ಟರು ಮಲಗಿತ್ತು. ಹಿಂದೆ ಬಟ್ಟೆ, ಕೊಡೆ ಮಾಸಲು ಗುಲಾಬಿ. ಇನ್‌ಸ್ಪೆಕ್ಟರ್ ಬಗ್ಗಿ ನೋಡುತ್ತಿದ್ದಂತೆ ಮೇಷ್ಟ್ರು ಕಾಗದ ಮುಚ್ಚಲು ಕೈ ಚಾಚಿದರು.

“ಸಾಕು ಮೇಡಂ. ಬೆಳಕು ಬೀಳುತ್ತೆ.”

“ಆಗಾಗ ತೆಗೆದು ನೋಡ್ತೀರಾ?”

“ತಂದ ಮೇಲೆ ನೋಡಿಲ್ಲ.”

“ನೋಡೋಕಲ್ಲ, ಮಾರೋಕಲ್ಲ. ಕದ್ದು ಏನು ಸಿಕ್ತು ನಿಮಗೆ?”

“ಇದೆ ಅಂತ ಗೊತ್ತಿದ್ರೆ ಸಾಕು ನನಗೆ. ಅಲ್ಲಿ ದಿನಾ ಒಂದಿಷ್ಟು ಸಾಯ್ತಿತ್ತು. ಅದರ ಕೆಳಗೆ ಕೂತು ಕಾಫಿ ಕುಡೀಬೇಕಿತ್ತು ನಾನು.”

“ನಕಲಿಗೆ ಮಾಸಲು ಬಣ್ಣ ಯಾಕೆ ಹಚ್ಚಲಿಲ್ಲ? ಹಚ್ಚಿದ್ರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ.”

“ಕಲಸಿ ಇಟ್ಕೊಂಡಿದ್ದೆ. ಕುಂಚ ಅದ್ದಿದೆ ಕೂಡ.” ಮೇಷ್ಟ್ರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಮನಸ್ಸು ಬರಲಿಲ್ಲ. ಆ ದಿನ ನದಿ ದಂಡೇಲಿ ನಮ್ಮಣ್ಣ ಅದನ್ನ ಎತ್ತಿ ಹಿಡಿದು ತೋರಿಸಿದಾಗ ಹೇಗಿತ್ತೋ ಹಾಗೇ ಹಚ್ಚಿಬಿಟ್ಟೆ.”

“ಸಪ್ಲೈಯರ್ ಕೆಲಸ ಹೋಯ್ತಲ್ಲ, ಅದು ಗೊತ್ತಿತ್ತಾ?”

“ಅತ್ತಿಗೆ ಫೋನ್ ಮಾಡಿ ಹೇಳಿದ್ರು.”

“ಆದರೂ ಬಾಯಿ ಬಿಡಲಿಲ್ಲ.”

“ಬಂದು ಹೇಳಬೇಕು ಅಂತ ಎರಡು ಸಲ ಚಪ್ಪಲಿ ಹಾಕ್ಕೊಂಡೆ. ಹೇಳಿದ್ರೆ ಅದು ಮತ್ತೆ ಬಿಸಿಲಿಗೆ ಹೋಗುತ್ತೆ ಅಂತ ಹೆದರಿಕೆ.”

ಇಲ್ಲಿಯವರೆಗೆ ಇನ್‌ಸ್ಪೆಕ್ಟರಿಗೆ ಈ ಮನುಷ್ಯನ ಮೇಲೆ ಸ್ವಲ್ಪ ಮರುಕವಿತ್ತು. ಸಪ್ಲೈಯರ್‌ನ ಮಗಳು ನೆನಪಾಗಿ ಅದು ಅರ್ಧಕ್ಕಿಳಿಯಿತು. ಪೋಸ್ಟರನ್ನು ಪಂಚರ ಎದುರು ಜಪ್ತಿ ಮಾಡಿ, ಮಧ್ಯಾಹ್ನ ಮೂರೂಕಾಲಿಗೆ ಮೇಷ್ಟ್ರನ್ನು ಬಂಧಿಸಿದರು.

ಠಾಣೆಗೆ ಒಡತಿ ಅವರಿಗಿಂತ ಮೊದಲೇ ಬಂದು ಕೂತಿದ್ದಳು.

“ಬಾಯಿಬಿಟ್ಟು ಕೇಳಿದ್ರೆ ಆಗ್ತಿರಲಿಲ್ವೇನಪ್ಪಾ?” ಎಂದಳು ಮೈದುನನನ್ನು ಕಂಡೊಡನೆ.

“ಮೂರು ಸಲ ಕೇಳಿದೆ ಅತ್ತಿಗೆ. ಒಳಗಿನ ಗೋಡೆಗಾದರೂ ಹಾಕಿ ಅಂದೆ.”

ಒಡತಿ ಇನ್‌ಸ್ಪೆಕ್ಟರ್ ಕಡೆ ತಿರುಗಿ, ಅವರಿಗೆ ವಿವರಿಸುವವಳಂತೆ ಹೇಳಿದಳು: “ನಮ್ಮವರು ಹಾಸಿಗೆ ಹಿಡಿದಾಗ ಮಾತು ತಗೊಂಡಿದ್ರು. ಅಷ್ಟು ವರ್ಷ ಕೊಳವೇಲಿ ಮುಚ್ಚಿಟ್ಟು ತಪ್ಪು ಮಾಡಿದೆ, ಬೀದೀಲಿ ಹೋಗೋರೂ ನೋಡಲಿ, ಕಿಟಕಿ ಎದುರಿಂದ ತೆಗೀಬೇಡ ಅಂದಿದ್ರು. ಮಾಸುತ್ತೆ ಅಂತ ಅವರಿಗೂ ಗೊತ್ತಿತ್ತು.”

“ನನಗೆ ಇದನ್ನ ಯಾರೂ ಹೇಳಲಿಲ್ಲ” ಎಂದರು ಮೇಷ್ಟ್ರು.

“ನೀನು ಕಾಫಿ ಕುಡಿದು ಎದ್ದು ಹೋಗ್ತಿದ್ದೆ. ಅಣ್ಣನ ಬಗ್ಗೆ ಒಂದು ಮಾತು ಕೇಳಿದ್ದೀಯಾ ಯಾವತ್ತಾದರೂ?”

ಗಾದೆಪ್ಪ ಬಂಧನದ ಕಾಗದಗಳನ್ನು ತಂದು ಮೇಜಿನ ಮೇಲಿಟ್ಟ. ಒಡತಿ ಕೇಸು ವಾಪಸ್ ತೆಗೆದುಕೊಳ್ಳುತ್ತೇನೆ ಎಂದಳು. ಎಫ್‌ಐಆರ್ ಆದ ಮೇಲೆ ಅದು ತಮ್ಮ ಕೈಯಲ್ಲಿಲ್ಲ, ಏನಿದ್ದರೂ ಕೋರ್ಟಿನಲ್ಲಿ ಹೇಳಿಕೊಳ್ಳಬೇಕು ಎಂದರು ಇನ್‌ಸ್ಪೆಕ್ಟರ್.

“ಪೋಸ್ಟರ್ ಮಾತ್ರ ಅರ್ಜಿ ಹಾಕಿದ್ರೆ ಬೇಗ ಬಿಡಿಸ್ಕೋಬಹುದು. ಇಲ್ಲಾಂದ್ರೆ ಕೇಸ್ ಮುಗಿಯೋವರೆಗೂ ನಮ್ಮ ಸಾಮಾನು ಕೋಣೇಲೇ ಇರುತ್ತೆ.”

ಮೇಷ್ಟ್ರು ತಲೆಯೆತ್ತಿದರು. “ಆ ಕೋಣೆಗೆ ಕಿಟಕಿ ಇದೆಯಾ?”

“ಇಲ್ಲ.”

“ಕೇಸ್ ಎಷ್ಟು ದಿನ ನಡೆಯುತ್ತೆ?”

“ದಿನ ಅಲ್ಲ ಮೇಷ್ಟ್ರೇ, ವರ್ಷ ಅನ್ನಿ” ಎಂದ ಗಾದೆಪ್ಪ.

ಮೇಷ್ಟ್ರು ಪೆನ್ನು ಕೇಳಿ ತೆಗೆದುಕೊಂಡು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಬಂಧನವಾದ ಮನುಷ್ಯನ ಮುಖದಲ್ಲಿ ಅಂಥ ನೆಮ್ಮದಿಯನ್ನು ಇನ್‌ಸ್ಪೆಕ್ಟರ್ ಈ ಮೊದಲು ನೋಡಿರಲಿಲ್ಲ. ಅದನ್ನು ಒಡತಿಯೂ ನೋಡಿದಳು. ಅವನು ಅಣ್ಣನ ಮದುವೆಯಲ್ಲಿ ಬಿಟ್ಟುಕೊಟ್ಟದ್ದು ಚಿತ್ರವನ್ನು ಮಾತ್ರ, ಆ ನದಿ ದಂಡೆಯ ದಿನವನ್ನಲ್ಲ ಎಂಬುದು ಆಗ ಆಕೆಗೆ ಹೊಳೆದಿರಬೇಕು.

“ಆ ಅರ್ಜಿ ಯಾವಾಗ ಬೇಕಾದರೂ ಹಾಕಬಹುದಾ?” ಎಂದು ಕೇಳಿದಳು.

“ಹಾಕಬಹುದು.”

“ಹಾಗಾದ್ರೆ ಅವಸರ ಇಲ್ಲ ಬಿಡಿ. ನನಗೆ ಮೊದಲು ಸಪ್ಲೈಯರ್ ಮನೆಗೆ ಹೋಗೋದಿದೆ. ಬೀದಿಯವರೆಲ್ಲ ಕೇಳೋ ಹಾಗೆ ತಪ್ಪಾಯ್ತು ಅನ್ನಬೇಕು.”

ಆಕೆ ಬಾಗಿಲ ತನಕ ಹೋಗಿ, ತಿರುಗಿ ಬಂದು, ಮೈದುನ ಬೆಳಗಿನಿಂದ ಏನಾದರೂ ತಿಂದಿದ್ದಾನೋ ಇಲ್ಲವೋ ವಿಚಾರಿಸಿ ಎಂದು ಗಾದೆಪ್ಪನಿಗೆ ಹೇಳಿ ಹೋದಳು.